ಸಬ್‌ನಾಟಿಕಾ: ಲೈಫ್‌ಪಾಡ್ 5 ರಿಪೇರಿ ಮಾಡೋದು ಹೇಗೆ

ಸಬ್‌ನಾಟಿಕಾ ಕಡಲಿನಲ್ಲಿ ಬದುಕುಳಿಯುವ ವಿಡಿಯೊ ಗೇಮ್. ಅರೋರಾ ಬಾಹ್ಯಾಕಾಶ ನೌಕೆಯಿಂದ ಕಳಚಿಕೊಂಡು 4546ಬಿ ಗ್ರಹದ ಕಡಲಿಗೆ ಬಿದ್ದ ಲೈಫ್‌ಪಾಡ್ 5 ಎಂಬ ಪುಟ್ಟ ರಕ್ಷಣಾ ಕೋಶದ ಒಳಗೇ ಆಟ ಶುರುವಾಗುತ್ತದೆ. ಕಣ್ಣು ಬಿಡುವಾಗಲೇ ಬೆಂಕಿ. ಸೀಟಿನಿಂದ ಎದ್ದು ಫೈರ್ ಎಕ್ಸ್‌ಟಿಂಗ್ವಿಷರ್ ಎತ್ತಿಕೊಂಡು ಉರಿಯುವ ಕಡೆಗೆ ಹಿಡಿಯಿರಿ. ಬೆಂಕಿಗೆ ತೀರಾ ಹತ್ತಿರ ಹೋದರೆ ಆರೋಗ್ಯ ಇಳಿಯುತ್ತದೆ, ಸ್ವಲ್ಪ ದೂರದಿಂದಲೇ ನಂದಿಸಿ. ಕೆಲಸ ಮುಗಿಯಿತೆಂದು ಆ ಸಿಲಿಂಡರನ್ನು ನೀರಿಗೆ ಎಸೆಯಬೇಡಿ. ಮುಂದೆ ಅರೋರಾ ಒಳಗೆ ಹೋದಾಗ ದಾರಿಗೆ ಅಡ್ಡ ಉರಿಯುವ ಬೆಂಕಿಗೆ ಅದೇ ಬೇಕು. ಅಲ್ಲಿವರೆಗೆ ಪಾಡ್‌ನ ಲಾಕರಿನಲ್ಲಿಡಿ.

ಬೆಂಕಿ ಆರಿದ ಮೇಲೆ ಒಳಗೆ ಕೆಟ್ಟಿರುವುದು ಎರಡೇ: ಕಿಡಿ ಹಾರಿಸುತ್ತಿರುವ ಸೆಕೆಂಡರಿ ಸಿಸ್ಟಮ್ಸ್ ಪ್ಯಾನೆಲ್ ಮತ್ತು ರೇಡಿಯೊ. ಎರಡಕ್ಕೂ ಮದ್ದು ಒಂದೇ, ರಿಪೇರ್ ಟೂಲ್. ಅದಕ್ಕೆ ಬೇಕಾದದ್ದು ಒಂದು ಟೈಟೇನಿಯಂ, ಒಂದು ಸಿಲಿಕೋನ್ ರಬ್ಬರ್, ಒಂದು ಕೇವ್ ಸಲ್ಫರ್. ಮೊದಲೆರಡು ಸುಲಭ. ಹೊಸಬರು ಸಾಯುವುದು ಮೂರನೆಯದಕ್ಕೆ.

ಟೈಟೇನಿಯಂನಿಂದ ಶುರು ಮಾಡಿ. ಪಾಡ್‌ನ ತಳದ ಬಾಗಿಲಿಂದ ಇಳಿದರೆ ಸೇಫ್ ಶ್ಯಾಲೋಸ್ ಎಂಬ ತಿಳಿನೀರಿನ ಜಾಗ. ಸುಣ್ಣದಕಲ್ಲಿನ ಗಡ್ಡೆಗಳನ್ನು ಒಡೆದರೆ ಟೈಟೇನಿಯಂ ಅಥವಾ ತಾಮ್ರ ಸಿಗುತ್ತದೆ, ಯಾವುದು ಎಂಬುದು ಅದೃಷ್ಟ. ಅದಕ್ಕಿಂತ ಲಾಭ ಮರಳಲ್ಲಿ ಬಿದ್ದಿರುವ ಗುಜರಿ ಲೋಹದ ತುಂಡು. ಒಂದು ತುಂಡನ್ನು ಫ್ಯಾಬ್ರಿಕೇಟರಿಗೆ (ಪಾಡ್‌ನೊಳಗಿರುವ, ಸಾಮಾನು ಹಾಕಿ ಉಪಕರಣ ತಯಾರಿಸುವ ಯಂತ್ರ) ಹಾಕಿದರೆ 4 ಟೈಟೇನಿಯಂ. ಅದರಲ್ಲಿ 3 ಸ್ಟ್ಯಾಂಡರ್ಡ್ ಆಕ್ಸಿಜನ್ ಟ್ಯಾಂಕಿಗೆ, ಉಳಿದ 1 ರಿಪೇರ್ ಟೂಲಿಗೆ. ಈ ಲೆಕ್ಕ ಮುಖ್ಯ. ಟ್ಯಾಂಕ್ ಇಲ್ಲದೆ ಉಸಿರು ಬರುವುದು 45 ಸೆಕೆಂಡ್, ಟ್ಯಾಂಕ್ ಇದ್ದರೆ 75. ಟ್ಯಾಂಕ್ ಮಾಡದೆ ಗುಹೆಗೆ ಇಳಿಯಲೇಬೇಡಿ.

ಸಿಲಿಕೋನ್ ರಬ್ಬರಿಗೆ ಪಕ್ಕದ ಕೆಲ್ಪ್ ಕಾಡಿಗೆ ಹೋಗಬೇಕು. ಉದ್ದುದ್ದ ಕ್ರೀಪ್‌ವೈನ್ ಬಳ್ಳಿಗಳ ನಡುವೆ ಹಳದಿ ದೀಪದಂತೆ ಹೊಳೆಯುವ ಬೀಜದ ಗೊಂಚಲನ್ನು ಬರಿಗೈಯಲ್ಲೇ ಕಿತ್ತುಕೊಳ್ಳಬಹುದು. ಒಂದು ಗೊಂಚಲಿಗೆ 2 ರಬ್ಬರ್. ಒಂದು ರಿಪೇರ್ ಟೂಲಿಗೆ ಹೋದರೆ ಇನ್ನೊಂದರ ಜೊತೆ ಒಂದು ಟೈಟೇನಿಯಂ ಸೇರಿಸಿ ಚಾಕು ಮಾಡಿ. ಹೋದದ್ದೇ ಹೋಗಿದ್ದೀರಿ, ಇನ್ನೊಂದು ಗೊಂಚಲು ತಂದರೆ ಈಜಲು ಫಿನ್ಸೂ ಆಗುತ್ತದೆ, ಅದಕ್ಕೂ 2 ರಬ್ಬರ್. ಅಲ್ಲಿ ಸ್ಟಾಕರ್ ಎಂಬ ಉದ್ದಮೂತಿಯ ಪ್ರಾಣಿಗಳು ಸುತ್ತುತ್ತಿರುತ್ತವೆ, ಕಚ್ಚಿದರೆ ನೋವು ಜೋರು. ಕಾಡಿನ ಒಳಗೆ ನುಗ್ಗದೆ ಅಂಚಿನ ಬಳ್ಳಿಗಳಿಂದಲೇ ಕಿತ್ತು ಬನ್ನಿ.

ಈಗ ಸಲ್ಫರ್. ಶ್ಯಾಲೋಸ್‌ನ ಗುಹೆಗಳಲ್ಲಿ ಬಂಡೆಗೆ ಅಂಟಿಕೊಂಡ, ದಪ್ಪ ಮೊಗ್ಗಿನಂತೆ ಬಾಯಿ ಮುಚ್ಚಿದ ಗಿಡ ಕಾಣುತ್ತದೆ. ಒಳಗೆ ಕ್ರ್ಯಾಶ್‌ಫಿಶ್ ಕೂತಿರುತ್ತದೆ. ಹತ್ತಿರ ಹೋದರೆ ಮೊಗ್ಗು ಬಿರಿದು, ಮೀನು ಕಿರುಚುತ್ತಾ ನಿಮ್ಮ ಮೇಲೆ ನುಗ್ಗಿ ಸಿಡಿಯುತ್ತದೆ. ಮೈಮೇಲೆಯೇ ಸಿಡಿದರೆ ಸುಮಾರು ಅರ್ಧ ಪ್ರಾಣ ಹೋಯಿತು. ಇಕ್ಕಟ್ಟಾದ ಗುಹೆಯಲ್ಲಿ ಎರಡು ಒಟ್ಟಿಗೆ ಎದ್ದರೆ ಕಥೆ ಮುಗಿಯಿತು.

ಉಪಾಯ ಇಷ್ಟೇ. ಗುಹೆಯ ಬಾಯಲ್ಲಿ ನಿಂತು ಮೊದಲು ವಾಪಸ್ ಬರುವ ದಾರಿ ನೋಡಿಟ್ಟುಕೊಳ್ಳಿ. ನಿಧಾನವಾಗಿ ಮುಂದೆ ಸರಿಯಿರಿ, ಮೊಗ್ಗು ಬಿರಿಯುವ ಕ್ಷಣಕ್ಕೇ ತಿರುಗಿ ಬಂದ ದಾರಿಯಲ್ಲೇ ಜೋರಾಗಿ ಈಜಿ. ಮೀನು ಸ್ವಲ್ಪ ಹೊತ್ತು ಅಟ್ಟಿಸಿಕೊಂಡು ಬಂದು ತಾನಾಗಿಯೇ ಸಿಡಿಯುತ್ತದೆ. ಸಿಡಿದ ಸದ್ದು ಕೇಳುವವರೆಗೆ ಹಿಂತಿರುಗಿ ನೋಡಬೇಡಿ. ನಂತರ ಮೇಲೆ ಹೋಗಿ ಉಸಿರು ತುಂಬಿಕೊಂಡು ಇಳಿದರೆ ತೆರೆದ ಗಿಡದ ಬಟ್ಟಲಿನಲ್ಲಿ ಸಲ್ಫರ್ ಕಾಯುತ್ತಿರುತ್ತದೆ. ಕೈ ಹಾಕುವ ಮೊದಲು ಪಕ್ಕದಲ್ಲಿ ಇನ್ನೊಂದು ಮುಚ್ಚಿದ ಮೊಗ್ಗು ಇದೆಯೇ ನೋಡಿ. ಬಹಳ ಜನ ಎಡವುವುದು ಇಲ್ಲೇ.

ಸಾಮಾನು ಕೈಗೆ ಬಂದ ಕೂಡಲೇ ಪಾಡ್‌ಗೆ ಮರಳಿ. ಸರ್ವೈವಲ್ ಮೋಡ್‌ನಲ್ಲಿ ಸತ್ತರೆ ಪಾಡ್ ಬಿಟ್ಟು ಹೊರಟ ಮೇಲೆ ಸಿಕ್ಕಿದ್ದು ಕೈತಪ್ಪಬಹುದು. ಹಾರ್ಡ್‌ಕೋರ್ ಮೋಡ್‌ನಲ್ಲಿ ಇರುವುದೇ ಒಂದು ಜೀವ, ಆಕ್ಸಿಜನ್ ಮುಗಿಯುತ್ತಿದೆ ಎಂಬ ಎಚ್ಚರಿಕೆಯೂ ಕೇಳಿಸುವುದಿಲ್ಲ, ಮೀಟರಿನ ಮೇಲೆ ಕಣ್ಣಿರಲಿ. ಇನ್ನೊಂದು ವಿಷಯ: ಆಟ ತಾನಾಗಿ ಸೇವ್ ಆಗುತ್ತಾ ಹೋಗುವುದಿಲ್ಲ. ಪಾಡ್‌ಗೆ ಬಂದಾಗಲೆಲ್ಲ ಮೆನು ತೆರೆದು ನೀವೇ ಸೇವ್ ಮಾಡಬೇಕು.

ರಿಪೇರ್ ಟೂಲ್ ತಯಾರಾದ ಮೇಲೆ ಕೆಲಸ ಅರ್ಧ ನಿಮಿಷದ್ದು. ಪ್ಯಾನೆಲ್ ಎದುರು ನಿಂತು ಬಟನ್ ಒತ್ತಿ ಹಿಡಿಯಿರಿ, ಪೂರ್ತಿ ಸರಿಯಾಗುವವರೆಗೆ ಬಿಡಬೇಡಿ. ಪಾಡ್‌ನ ಒಳಗಿನ ಬೆಳಕು ಬದಲಾದರೆ ಸರಿಹೋಯಿತೆಂದು ಅರ್ಥ. ರೇಡಿಯೊಗೂ ಹೀಗೆಯೇ. ಕಥೆ ಮುಂದೆ ಸಾಗಬೇಕಾದರೆ ಪ್ಯಾನೆಲ್‌ಗಿಂತ ರೇಡಿಯೊ ಮುಖ್ಯ. ಉಳಿದ ಲೈಫ್‌ಪಾಡ್‌ಗಳಿಂದ ಬರುವ ಕರೆಗಳು ಇದರಲ್ಲೇ ಸಿಗುತ್ತವೆ. ಆ ಕರೆಗಳ ಬೆನ್ನು ಹತ್ತಿ ಹೋದರೆ ಬೇರೆ ಉಪಕರಣಗಳನ್ನು ತಯಾರಿಸುವ ನಕ್ಷೆಗಳು (ಬ್ಲೂಪ್ರಿಂಟ್) ಕೈಸೇರುತ್ತವೆ. ಉದಾಹರಣೆಗೆ ಲೈಫ್‌ಪಾಡ್ 3ರಲ್ಲಿ ದಿಕ್ಸೂಚಿಯ ನಕ್ಷೆ ಇದೆ. ರೇಡಿಯೊ ಮಿನುಗುತ್ತಿದ್ದರೆ ಒಂದು ಸಂದೇಶ ಬಂದಿದೆ ಅಂತ, ಒತ್ತಿ ಕೇಳಿ.

ಊಟ-ನೀರಿಗೆ ಲಾಕರಿನಲ್ಲಿರುವ ಬಾಟಲಿ, ನ್ಯೂಟ್ರಿಯೆಂಟ್ ಬ್ಲಾಕ್‌ಗಳನ್ನು ಆರಂಭದಲ್ಲೇ ಖಾಲಿ ಮಾಡಬೇಡಿ, ದೂರ ಹೋಗುವಾಗ ಬೇಕಾಗುತ್ತವೆ. ಪಾಡ್ ಸುತ್ತ ತೇಲುವ ಬ್ಲ್ಯಾಡರ್‌ಫಿಶ್ ಹಿಡಿದು ಫ್ಯಾಬ್ರಿಕೇಟರಿಗೆ ಹಾಕಿದರೆ ಕುಡಿಯುವ ನೀರು, ಪೀಪರ್ ಎಂಬ ಮೀನು ಬೇಯಿಸಿದರೆ ಒಳ್ಳೆಯ ಊಟ. ಬೇಯಿಸಿದ ಮೀನು ಇಟ್ಟಷ್ಟೂ ಹಳಸುತ್ತದೆ, ಹಸಿದಾಗಲೇ ಬೇಯಿಸಿ. ಗೋಡೆಯ ಮೇಲಿನ ಮೆಡಿಕಲ್ ಕಿಟ್ ಯಂತ್ರ ಆಗಾಗ ಒಂದೊಂದು ಕಿಟ್ ತಯಾರಿಸಿಡುತ್ತದೆ. ಹಿಂದಿನದನ್ನು ತೆಗೆಯದಿದ್ದರೆ ಮುಂದಿನದು ಬರುವುದಿಲ್ಲ. ಸ್ವಂತ ನೆಲೆ ಕಟ್ಟಿಕೊಂಡ ಮೇಲೂ ಈ ಕಡೆ ಬಂದಾಗ ಅದನ್ನೊಂದು ತೆಗೆದುಕೊಂಡು ಹೋಗಿ.