ಕರಪತ್ರ ಮೈಸೂರಲ್ಲೇ ಬಿಟ್ಟು ಹೋದೆವು

2019ರ ಮೇ ತಿಂಗಳ ರಜೆಯಲ್ಲಿ ನಮ್ಮ ಮೈಸೂರಿನ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಒಂಬತ್ತು ಜನ ಕಾಲೇಜು ಹುಡುಗ ಹುಡುಗಿಯರನ್ನು ಕರೆದುಕೊಂಡು ನೇಪಾಳಕ್ಕೆ ಸೇವೆಗೆ ಹೋಗಿದ್ದೆ. ಯೌವನಸ್ಥರ ಕೂಟ ನೋಡಿಕೊಳ್ಳುವವನು ನಾನು, ಹಾಗಾಗಿ ಎಲ್ಲ ನನ್ನ ತಲೆಗೇ ಬಂತು. ಒಟ್ಟು ಎರಡು ವಾರ. ಅದರಲ್ಲಿ ಸುಮಾರು ಅರ್ಧ ದಾರಿಗೇ ಹೋಯಿತು.

ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯನ್ನು ನೋಡುತ್ತಾ ಬೆಳೆದವರು ನಾವು. ಕಡಲು ದಾಟಿ ಇಲ್ಲಿಗೆ ಬಂದ ಮಿಷನರಿಗಳ ಕಥೆ ಕೇಳಿ ಕೇಳಿ, ನಾವೂ ಒಮ್ಮೆ ಗಡಿ ದಾಟಬೇಕು ಅನ್ನುವ ಆಸೆ. ಒಂದು ಕಿರುನಾಟಕ, ನಾಲ್ಕು ಹಾಡು ಕಲಿತೆವು. ಯೇಸುವಿನ ಸುವಾರ್ತೆ ಸಾರುವ ಎರಡು ಸಾವಿರ ಕರಪತ್ರ ಹಿಂದಿಯಲ್ಲಿ ಅಚ್ಚು ಹಾಕಿಸಿದೆವು. ಖರ್ಚಿಗೆ ಸುಗ್ಗಿ ಹಬ್ಬದಲ್ಲಿ ಸಭೆಯವರು ಕಾಣಿಕೆಯಾಗಿ ತಂದದ್ದರ ಹರಾಜು ಇತ್ತಲ್ಲ. ಒಂದು ಕುಂಬಳಕಾಯಿಯನ್ನೇ ಮೂರು ಸಲ ಹರಾಜು ಹಾಕಿದೆವು, ಕೊಂಡವರು ಮತ್ತೆ ಮತ್ತೆ ಸಭೆಗೇ ಕೊಟ್ಟರು. ಮಂಡ್ಯ ಕಡೆಯ ಸಭೆಯವರು ದುಡ್ಡಿನ ಜೊತೆ ಹತ್ತು ಕೆಜಿ ಬೆಲ್ಲ ಕೊಟ್ಟರು.

ಹೊರಡಲು ಒಂದು ತಿಂಗಳು ಇರುವಾಗ ಧಾದಿಂಗ್ ಜಿಲ್ಲೆಯ ಪಾಸ್ಟರ್ ಜೊತೆ ಫೋನಿನಲ್ಲಿ ಮಾತಾಡಿದೆ. ಅವರ ಊರಿಗೇ ನಾವು ಹೋಗಬೇಕಿತ್ತು. ಕರಪತ್ರದ ವಿಷಯ ಹೇಳುತ್ತಿದ್ದಂತೆ, "ಒಂದೂ ತರಬೇಡಿ ಭಾಯ್" ಎಂದರು. ನೇಪಾಳದ 2015ರ ಸಂವಿಧಾನವೇ ಇನ್ನೊಬ್ಬರನ್ನು ಮತಾಂತರ ಮಾಡಕೂಡದು ಅನ್ನುತ್ತದೆ. 2018ರಿಂದ ಜಾರಿಯಲ್ಲಿರುವ ಅಲ್ಲಿನ ದಂಡ ಸಂಹಿತೆಯಲ್ಲಿ ಇದಕ್ಕೆ ಐದು ವರ್ಷದವರೆಗೆ ಜೈಲು, ಐವತ್ತು ಸಾವಿರದವರೆಗೆ ದಂಡ. ಹೊರದೇಶದವರಾದರೆ ಶಿಕ್ಷೆ ಮುಗಿದ ಏಳು ದಿನದಲ್ಲಿ ದೇಶದಿಂದ ಹೊರಗೆ. "ನೀವು ಹಂಚಿ ಊರಿಗೆ ಹೋಗ್ತೀರಿ. ಪೊಲೀಸರು ಬರೋದು ನನ್ನ ಮನೆಗೆ" ಎಂದರು.

ಹಾಗಾದರೆ ನಾವು ಏನು ಮಾಡಬೇಕು ಎಂದು ಕೇಳಿದೆ. ನಿಜ ಹೇಳಬೇಕೆಂದರೆ, ಈ ಪ್ರಶ್ನೆಯನ್ನು ನಾನು ಮೊದಲೇ ಕೇಳಬೇಕಿತ್ತು. "ಕಲ್ಲು ಹೊರಬೇಕು" ಎಂದರು.

2015ರ ಏಪ್ರಿಲ್ 25ರ ಭೂಕಂಪ ಬಂದದ್ದು ಶನಿವಾರ, ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮೊದಲು. ಅಲ್ಲಿ ವಾರದ ರಜೆ ಶನಿವಾರ. ಶಾಲೆಗಳಿಗೆ ರಜೆ ಇದ್ದದ್ದರಿಂದ ಎಷ್ಟೋ ಮಕ್ಕಳು ಉಳಿದರು. ಆದರೆ ಅಲ್ಲಿನ ಸಭೆಗಳು ಆರಾಧನೆಗೆ ಸೇರುವುದೂ ಶನಿವಾರವೇ. ಕಲ್ಲು ಮಣ್ಣಿನ ಗೋಡೆಯ ಚರ್ಚುಗಳು ಜನ ತುಂಬಿದ್ದಾಗಲೇ ಕುಸಿದವು. ಈ ಊರಿನದ್ದೂ ಹಾಗೇ. ನಾಲ್ಕು ವರ್ಷದಿಂದ ತಗಡಿನ ಚಪ್ಪರದಲ್ಲಿ ಆರಾಧನೆ ನಡೆಸುತ್ತಿದ್ದರು, ಈಗ ಚರ್ಚನ್ನು ಮತ್ತೆ ಕಟ್ಟಲು ಹೊರಟಿದ್ದರು.

ಕರಪತ್ರ ಬಿಟ್ಟು ಹೋಗುವುದಕ್ಕೆ ನಮ್ಮ ಸಭೆಯ ಹಿರಿಯರೊಬ್ಬರು ಒಪ್ಪಲೇ ಇಲ್ಲ. "ಸುವಾರ್ತೆ ಸಾರದೆ ಸುಮ್ನೆ ಕೂಲಿ ಮಾಡೋಕೆ ಅಷ್ಟು ದೂರ ಹೋಗ್ಬೇಕಾ?" ಅವರಿಗೆ ನನ್ನ ನಿರ್ಧಾರ ಇವತ್ತಿಗೂ ಹಿಡಿಸಿಲ್ಲ. ಎರಡು ಸಾವಿರ ಕರಪತ್ರವೂ ಬೀರುವಿನಲ್ಲೇ ಉಳಿಯಿತು.

ಭಾರತದವರಿಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವುದಾದರೆ ಕಾಲೇಜು ವಯಸ್ಸಿನವರಿಗೆ ಆಧಾರ್ ಸಾಲದು, ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕು. ನಾವು ರೈಲಿನಲ್ಲಿ ಹೊರಟರೂ ಎಲ್ಲರಿಗೂ ವೋಟರ್ ಐಡಿ ಮಾಡಿಸಿದೆ. ಯಾರಿಗಾದರೂ ಹುಷಾರು ತಪ್ಪಿ ವಿಮಾನ ಹತ್ತಿಸಬೇಕಾಗಿ ಬಂದರೆ? ಆಗ ನೂರಕ್ಕಿಂತ ದೊಡ್ಡ ನಮ್ಮ ನೋಟುಗಳಿಗೂ ಅಲ್ಲಿ ನಿಷೇಧ ಇತ್ತು. ಬ್ಯಾಂಕಿನಲ್ಲಿ ನೂರರ ಕಟ್ಟು ಕೇಳಿದರೆ ಕ್ಯಾಷಿಯರ್ "ಮನೇಲಿ ಮದುವೆನಾ ಸಾರ್?" ಎಂದರು.

ಗೋರಖ್‌ಪುರಕ್ಕೆ ರೈಲಿನಲ್ಲಿ ಎರಡು ರಾತ್ರಿ. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಆಗ ಅಲ್ಲಿತ್ತು, ಈಗ ಆ ಹೆಸರು ನಮ್ಮ ಹುಬ್ಬಳ್ಳಿಗೆ ಬಂದಿದೆ. ಸೋನೌಲಿಯಲ್ಲಿ ಗಡಿ ದಾಟಿ ಗಡಿಯಾರವನ್ನು ಹದಿನೈದು ನಿಮಿಷ ಮುಂದಿಟ್ಟೆವು. ಅಂಗಡಿಯ ಕ್ಯಾಲೆಂಡರ್ ನೋಡಿದರೆ 2076! ಅಲ್ಲಿ ನಡೆಯುವುದು ವಿಕ್ರಮ ಸಂವತ್. ಹುಡುಗರಿಗೆ ನಗು ತಡೆಯಲಾಗಲಿಲ್ಲ.

ಕೆಲಸ ಮಾತ್ರ ನಗುವಂಥದ್ದಲ್ಲ. ಲಾರಿ ರಸ್ತೆಯಲ್ಲಿ ಕಲ್ಲು ಸುರಿದು ಹೋಗುತ್ತಿತ್ತು. ಅಲ್ಲಿಂದ ಚರ್ಚಿನ ಜಾಗಕ್ಕೆ ಇಪ್ಪತ್ತು ನಿಮಿಷದ ಏರು. ಬೆನ್ನಿಗೆ ಡೋಕೋ ಅನ್ನುವ ಬಿದಿರಿನ ಬುಟ್ಟಿ, ಅದರ ಪಟ್ಟಿ ಹಣೆಗೆ. ಜಿಮ್‌ಗೆ ಹೋಗುವ ನಮ್ಮ ಹುಡುಗ ನಾಲ್ಕು ಕಲ್ಲಿಗೆ ಕೂತುಬಿಟ್ಟ. ಅವನ ಪಕ್ಕದಲ್ಲೇ ಊರಿನ ಅಜ್ಜಿಯೊಬ್ಬರು ಎಂಟು ಕಲ್ಲು ಹೊತ್ತು ಮಾತಾಡುತ್ತಾ ಹತ್ತಿ ಹೋದರು. ಎರಡನೇ ದಿನದಿಂದ ಹುಡುಗರೇ ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸತೊಡಗಿದರು. ಅದೂ ನಿಧಾನವೇ.

ಬೆಳಿಗ್ಗೆ ಹತ್ತಕ್ಕೆ ದಾಲ್ ಭಾತ್, ರಾತ್ರಿ ಮತ್ತೆ ದಾಲ್ ಭಾತ್. ಮಂಡ್ಯದ ಹುಡುಗಿಯೊಬ್ಬಳು ಊರಿಂದ ರಾಗಿ ಹಿಟ್ಟು ತಂದಿದ್ದಳು, ಇವರಿಗೆಲ್ಲ ಮುದ್ದೆ ಪರಿಚಯ ಮಾಡಿಸಬೇಕು ಅಂತ. ಅವಳು ಎಸರಿಡುತ್ತಿದ್ದಂತೆ ಪಾಸ್ಟರ್ ಹೆಂಡತಿ ನಕ್ಕು ತಮ್ಮ ಡಬ್ಬಿ ತೆಗೆದು ತೋರಿಸಿದರು. ಅದೂ ರಾಗಿಯೇ. ಅಲ್ಲಿ ಅದನ್ನು ಕೋದೋ ಅನ್ನುತ್ತಾರೆ, ತಿರುವಿ ಮಾಡಿದ್ದು ಢಿಡೋ. ಉಂಡೆ ಕಟ್ಟುವುದಿಲ್ಲ ಅಷ್ಟೇ. ಅವತ್ತು ರಾತ್ರಿ ಎರಡೂ ಆಯಿತು. ಬೆಲ್ಲ ಮಾತ್ರ ನಮ್ಮದೇ ಗೆದ್ದಿತು ಅಂತ ಎಲ್ಲರೂ ಒಪ್ಪಿದರು.

ಶನಿವಾರ ಚಪ್ಪಲಿ ಹೊರಗೆ ಬಿಟ್ಟು ಚಾಪೆಯ ಮೇಲೆ ಕೂತೆವು. "ಜಯ್ ಮಸೀಹ್" ಎಂದು ಎಲ್ಲರೂ ಕೈಮುಗಿದರು. ನಾವು ಒಂದೇ ಒಂದು ಕನ್ನಡ ಹಾಡು ಹೇಳಿದೆವು.

ಆ ಸಂಜೆಯೇ ಎಡವಟ್ಟಾಯಿತು. ನಮ್ಮ ಹುಡುಗನೊಬ್ಬ ಮಕ್ಕಳು ಕಣ್ಣು ಮುಚ್ಚಿ ಪ್ರಾರ್ಥಿಸುವ ಫೋಟೋವನ್ನು ಊರಿನ ಹೆಸರು ಸಮೇತ ಇನ್‌ಸ್ಟಾಗ್ರಾಂಗೆ ಹಾಕಿದ್ದ. ಕೆಳಗೆ 'ಆತ್ಮಗಳ ಸುಗ್ಗಿ' ಅಂತ ಬರೆದಿದ್ದ, ಅಂದರೆ ಹೊಸಬರು ನಂಬಿಕೆಗೆ ಬಂದರು ಅನ್ನುವ ಹಾಗೆ. ಆ ಮಕ್ಕಳೆಲ್ಲ ಸಭೆಯವರ ಮಕ್ಕಳೇ. ಆದರೆ ನೋಡಿದವರಿಗೆ ಅದು ಹೇಗೆ ಗೊತ್ತಾಗಬೇಕು? ಅಳಿಸಿದೆವು. ಪಾಸ್ಟರ್ ಬೈಯಲಿಲ್ಲ. ರಾತ್ರಿ ಮಾತ್ರ ನಾಯಿ ಬೊಗಳಿದಾಗಲೆಲ್ಲ ಎದ್ದು ಹೊರಗೆ ನೋಡುತ್ತಿದ್ದರು. ತಪ್ಪು ಹುಡುಗನದ್ದಕ್ಕಿಂತ ನನ್ನದು ಜಾಸ್ತಿ. ಕರಪತ್ರದ ಬಗ್ಗೆ ಅಷ್ಟು ಹೇಳಿದವನು ಫೋನಿನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ನಾವು ಹೊರಡುವಾಗ ಗೋಡೆ ಸೊಂಟದೆತ್ತರಕ್ಕೆ ಬಂದಿತ್ತು. ಮುಂದಿನ ವರ್ಷ ಮತ್ತೆ ಬರಬಹುದಾ ಎಂದು ಕೇಳಿದೆ. ಪಾಸ್ಟರ್ ಸ್ವಲ್ಪ ಹೊತ್ತು ಯೋಚಿಸಿ, "ಹತ್ತು ಜನ ಬೇಡ. ಕರೆಂಟ್ ಕೆಲಸ ಬಲ್ಲ ಇಬ್ಬರು ಬರಲಿ" ಎಂದರು. 2020ರಲ್ಲಿ ಲಾಕ್‌ಡೌನ್ ಆಗಿ ಯಾರೂ ಹೋಗಲಿಲ್ಲ. ಈಗ ಮಂಡ್ಯದಲ್ಲಿ ಐಟಿಐ ಮುಗಿಸಿದ ಇಬ್ಬರು ಸಿಕ್ಕಿದ್ದಾರೆ. ಒಬ್ಬನ ವೋಟರ್ ಐಡಿ ಇನ್ನೂ ಬರಬೇಕು.