ಇದು ನಿಮ್ಮದಾ ಸಾರ್, ಅವರದಾ?

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ ನಮ್ಮದು. 140 ಜನ ಇದ್ದೇವೆ. ಕಂಪ್ಯೂಟರ್ ವಿಭಾಗ ಅಂದರೆ ನಾನು, ಜೊತೆಗೆ ಮಧ್ಯಾಹ್ನದ ಮೇಲೆ ಬರುವ ಒಬ್ಬ ಹುಡುಗ. ಆಯುಧ ಪೂಜೆಯ ದಿನ ಲೇತ್‌ಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿದ ಮೇಲೆ ಪುರೋಹಿತರು ನನ್ನ ಸರ್ವರ್‌ಗೂ ಒಂದು ಬೊಟ್ಟು ಇಟ್ಟು ಹೋಗುತ್ತಾರೆ. ಕಡ್ಲೆಪುರಿ ಹಂಚಿಕೆ, ಬೂದುಗುಂಬಳ ಒಡೆಯುವುದು, ರಜೆ. ಅಲ್ಲಿಂದ ದೀಪಾವಳಿ ಮುಗಿಯುವ ತನಕ ಆನ್‌ಲೈನ್ ಮೋಸಗಾರರ ಕಾಟ, ನನಗೆ ನಿದ್ದೆ ಕಮ್ಮಿ.

ಮೊದಲ ವರ್ಷ ನಾನು ಮಾಡಿದ್ದು ಎಡವಟ್ಟು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ದಸರಾ ಕಳೆದರೆ ನಮ್ಮಲ್ಲಿ ಒಂದೇ ಮಾತು: ಈ ಸಲ ಬೋನಸ್ ಕಾನೂನಿನ ಕನಿಷ್ಠ ಶೇ. 8.33 ಕೊಟ್ಟು ಮುಗಿಸುತ್ತಾರೋ, ಮೇಲಕ್ಕೆ ಹೋಗುತ್ತಾರೋ. ಮೋಸದ ಲಿಂಕನ್ನು ಯಾರು ಒತ್ತುತ್ತಾರೆ ಅಂತ ಪರೀಕ್ಷಿಸಲು ಇದೇ ಒಳ್ಳೆ ಸಮಯ ಅಂದುಕೊಂಡು ಆಫೀಸಿನವರಿಗೆಲ್ಲ ಒಂದು ಸುಳ್ಳು ಮೇಲ್ ಕಳಿಸಿದೆ. 'ದೀಪಾವಳಿ ಬೋನಸ್ ಪಟ್ಟಿ ಸಿದ್ಧವಾಗಿದೆ, ನೋಡಲು ಇಲ್ಲಿ ಒತ್ತಿ.' ಅರ್ಧಕ್ಕಿಂತ ಹೆಚ್ಚು ಜನ ಒತ್ತಿದರು. ಯಾವ ವಿಭಾಗದಲ್ಲಿ ಎಷ್ಟು ಮಂದಿ ಸಿಕ್ಕಿಬಿದ್ದರು ಅಂತ ನೋಟಿಸ್ ಬೋರ್ಡಿಗೂ ಹಾಕಿದೆ. ಬೀಗುತ್ತಿದ್ದೆ ಕೂಡ.

ಮರುದಿನ ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿಗೆ ಯಾರೂ ಬರಲಿಲ್ಲ. ಒಬ್ಬರು ಮಾತ್ರ ಹಾದುಹೋಗುತ್ತಾ, 'ಹಬ್ಬದ ದುಡ್ಡಿನ ವಿಷಯದಲ್ಲಿ ತಮಾಷೆ ಮಾಡಬಾರದಿತ್ತು' ಅಂದರು. ಅಮೆರಿಕದ ಗೋಡ್ಯಾಡಿ ಕಂಪನಿ 2020ರ ಡಿಸೆಂಬರ್‌ನಲ್ಲಿ ಇದನ್ನೇ ಮಾಡಿತ್ತು ಅಂತ ನನಗೆ ಗೊತ್ತಾದದ್ದು ಆಮೇಲೆ. 650 ಡಾಲರ್ ಹಬ್ಬದ ಬೋನಸ್ ಅಂತ ಪರೀಕ್ಷೆಯ ಮೇಲ್ ಕಳಿಸಿ, ಸಿಬ್ಬಂದಿಯ ಕ್ಷಮೆ ಕೇಳಬೇಕಾಯಿತು. ಮೊದಲೇ ಓದಿದ್ದರೆ ಒಂದಷ್ಟು ಮರ್ಯಾದೆ ಉಳಿಯುತ್ತಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಜನವರಿಯಲ್ಲಿ ತಿಳಿಯಿತು. ಸರಕು ಸಾಗಣೆ ವಿಭಾಗದ ಒಬ್ಬರು ದೀಪಾವಳಿ ವಾರದಲ್ಲೇ ಮೋಸಹೋಗಿ ದುಡ್ಡು ಕಳೆದುಕೊಂಡಿದ್ದರು. ಯಾಕೆ ಹೇಳಲಿಲ್ಲ ಅಂತ ಕೇಳಿದೆ. 'ಬೋರ್ಡಿಗೆ ಹಾಕ್ತೀರಲ್ಲ ಸಾರ್.'

ಎರಡನೇ ವರ್ಷ ಪಿಪಿಟಿ, ಪರೀಕ್ಷೆ ಎರಡನ್ನೂ ಬಿಟ್ಟೆ. ಶಿಫ್ಟ್ ಬದಲಾಗುವಾಗ ಯಂತ್ರಗಳ ಪಕ್ಕದಲ್ಲೇ ನಿಂತು ಹದಿನೈದು ನಿಮಿಷ, ಕನ್ನಡದಲ್ಲಿ, ಟೀ ಜೊತೆ. ನಾನು ಪಾಠ ಹೇಳಲಿಲ್ಲ, 'ನಿಮ್ಮ ಫೋನಿಗೆ ಬಂದ ಅನುಮಾನದ ಮೆಸೇಜ್ ತೋರಿಸಿ' ಅಂದೆ. ಮೊದಲು ನನ್ನದೇ ಒಂದನ್ನು ತೋರಿಸಿದೆ: ನಾನೂ ಒಮ್ಮೆ ಅಂಚೆ ಇಲಾಖೆ ಹೆಸರಿನ 'ನಿಮ್ಮ ಪಾರ್ಸೆಲ್ ಗೋದಾಮಿಗೆ ಬಂದಿದೆ, ವಿಳಾಸ ಸರಿಯಿಲ್ಲ' ಎಂಬ ಲಿಂಕ್ ಒತ್ತಿ, ಕಾರ್ಡ್ ನಂಬರ್ ಕೇಳಿದಾಗ ಎಚ್ಚರಾದವನೇ. ಆಮೇಲೆ ಒಬ್ಬೊಬ್ಬರೇ ಜೇಬಿನಿಂದ ಫೋನ್ ತೆಗೆದರು.

ಅರ್ಧ ಸಮಯ ತಿಂದದ್ದು ಎಪಿಕೆ ಫೈಲ್‌ಗಳು, ಅಂದರೆ ಫೋನಿಗೆ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್‌ಗಳು. ಟ್ರಾಫಿಕ್ ದಂಡದ ಚಲನ್, ಮದುವೆ ಕರೆಯೋಲೆ, ಹೀಗೆ ಯಾವುದೋ ಹೆಸರಲ್ಲಿ ವಾಟ್ಸಾಪ್‌ಗೆ ಬರುತ್ತವೆ. ಗೊತ್ತಿರುವವರ ನಂಬರಿನಿಂದಲೂ ಬರುತ್ತವೆ, ಯಾಕೆಂದರೆ ಅವರ ಫೋನ್ ಆಗಲೇ ಕಳ್ಳರ ಕೈಯಲ್ಲಿರುತ್ತದೆ. 'ಓಟಿಪಿ ಯಾರಿಗೂ ಹೇಳಬೇಡಿ' ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇವಲ್ಲ, ಆ ಬುದ್ಧಿವಾದ ಇಲ್ಲಿ ಕೆಲಸಕ್ಕೆ ಬಾರದು. ಇನ್‌ಸ್ಟಾಲ್ ಆಗುವಾಗ ಅದು ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ, ನೀವು ಬಾಯಿ ಬಿಡದಿದ್ದರೂ ಫೋನೇ ಓಟಿಪಿಯನ್ನು ಅತ್ತ ದಾಟಿಸುತ್ತದೆ. ಇದನ್ನು ವಿವರಿಸುತ್ತಾ ತಡವರಿಸುತ್ತಿದ್ದೆ. ಗ್ರೈಂಡಿಂಗ್ ವಿಭಾಗದ ಹಿರಿಯರೊಬ್ಬರು ನನಗಿಂತ ಚೆನ್ನಾಗಿ ಮುಗಿಸಿದರು: 'ಕರೆಯೋಲೆ ಅಂದ್ರೆ ಫೋಟೋ ಬರುತ್ತೆ, ಪಿಡಿಎಫ್ ಬರುತ್ತೆ. ನನ್ನ ಇನ್‌ಸ್ಟಾಲ್ ಮಾಡ್ಕೊ ಅನ್ನೋ ಮದುವೆ ಯಾವ್ದು?' ಅದೇ ಮಾತನ್ನು ಮುದ್ರಿಸಿ ಬಾಗಿಲಿಗೆ ಅಂಟಿಸಿದೆ.

ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ನಿಲ್ಲಲಿಲ್ಲ.

ಲೆಕ್ಕಪತ್ರ ವಿಭಾಗದ ಮೂವರಿಗೆ ಬೇರೆಯೇ ಕೂತೆ. ಅವರಿಗೆ ಆ ದೇಶದ ಕೇಂದ್ರ ಬ್ಯಾಂಕಾದ ಬಾಂಗ್ಲಾದೇಶ ಬ್ಯಾಂಕಿನ ದುಡ್ಡನ್ನು ಕಳ್ಳರು ಕಂಪ್ಯೂಟರ್ ಮೂಲಕವೇ ಎಗರಿಸಿದ ಕಥೆ ಹೇಳಿದೆ. 2016ರ ಫೆಬ್ರವರಿ 4, ಗುರುವಾರ ರಾತ್ರಿ. ಢಾಕಾದಲ್ಲಿ ಶುಕ್ರವಾರ, ಶನಿವಾರ ರಜೆ. ಅವರು ಬಾಗಿಲು ತೆಗೆಯುವ ಹೊತ್ತಿಗೆ ದುಡ್ಡು ಇಟ್ಟಿದ್ದ ನ್ಯೂಯಾರ್ಕ್‌ನಲ್ಲಿ ವಾರದ ರಜೆ. ಅದು ಮುಗಿದ ಸೋಮವಾರ, ದುಡ್ಡು ಹೋಗಿ ಸೇರಿದ ಫಿಲಿಪ್ಪೀನ್ಸ್‌ನಲ್ಲಿ ಚೀನೀ ಹೊಸವರ್ಷದ ರಜೆ. ಒಬ್ಬರು ಕೂಗಿದ್ದು ಇನ್ನೊಬ್ಬರಿಗೆ ಕೇಳದ ಹಾಗೆ ನಾಲ್ಕು ದಿನ ಜೋಡಿಸಿದ್ದರು. 8.1 ಕೋಟಿ ಡಾಲರ್ ಮನಿಲಾಗೆ ಹೋಯಿತು. ಶ್ರೀಲಂಕಾಕ್ಕೆ ಹೊರಟಿದ್ದ ಇನ್ನೊಂದು ಕಂತು ನಿಂತದ್ದು 'ಫೌಂಡೇಶನ್' ಎಂಬ ಪದದ ಕಾಗುಣಿತ ತಪ್ಪಿದ್ದಕ್ಕೆ. ಕಳ್ಳರು ಪಂಚಾಂಗ ನೋಡುತ್ತಾರೆ ಎಂಬುದಷ್ಟೇ ನನಗೆ ಅವರ ತಲೆಗೆ ಹೋಗಬೇಕಿತ್ತು.

ಆಮೇಲೆ ನಿಯಮ. ಸರಬರಾಜುದಾರರು ಬ್ಯಾಂಕ್ ಖಾತೆ ಬದಲಾಗಿದೆ ಎಂದರೆ, ಮೇಲ್‌ನಲ್ಲಿರುವ ನಂಬರಿಗಲ್ಲ, ನಮ್ಮ ಹಳೇ ಫೈಲಿನಲ್ಲಿರುವ ನಂಬರಿಗೆ ಫೋನ್ ಮಾಡಬೇಕು. ಧನತೇರಸ್‌ನಿಂದ ಹತ್ತು ದಿನ ಯಾರದೇ ಖಾತೆ ಬದಲಾವಣೆ ಇಲ್ಲ. ಮಾಲೀಕರ ಸಹಿ ಹಾಕಿಸುವುದೇ ಕಷ್ಟವಾಯಿತು. 'ನಾನೇ ಅರ್ಜೆಂಟ್ ಅಂದ್ರೂ?' ಅಂದರು. 'ನೀವೇ ಅಂದ್ರೂ' ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಸಹಿ ಹಾಕಿದರು. ಮೂವರಿಗೂ ಆ ಹಾಳೆಯ ಪ್ರತಿ ಕೊಟ್ಟೆ. ಒಬ್ಬರು ಅದನ್ನು ಪರ್ಸಿನಲ್ಲೇ ಇಟ್ಟುಕೊಂಡರು.

ನರಕ ಚತುರ್ದಶಿಯ ಹಿಂದಿನ ಸಂಜೆ ಐದೂವರೆ. ರಾಜ್‌ಕೋಟ್‌ನಿಂದ ನಮಗೆ ಎರಕದ ಭಾಗ ಕಳಿಸುವವರ ಹೆಸರಲ್ಲಿ ಮೇಲ್: ಆಡಿಟ್ ನಡೆಯುತ್ತಿದೆ, ಬಾಕಿಯನ್ನು ಈ ಹೊಸ ಖಾತೆಗೆ ಇಂದೇ ಹಾಕಿ, ಇಲ್ಲದಿದ್ದರೆ ಮುಂದಿನ ಲೋಡ್ ಇಲ್ಲ. ಹಳೇ ಬಿಲ್ಲಿನ ನಂಬರು, ಮೊತ್ತ ಎಲ್ಲವೂ ಸರಿಯಾಗಿತ್ತು. ಅವರ ಮೇಲ್‌ಪೆಟ್ಟಿಗೆಯನ್ನು ಯಾರೋ ಮೊದಲೇ ಓದಿರಬೇಕು. ನಮ್ಮ ಲೆಕ್ಕಿಗರು ಆಗ ಮೆಜೆಸ್ಟಿಕ್‌ನಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದರು. ಹಳೇ ನಂಬರಿಗೆ ಫೋನ್ ಮಾಡಿದರು, ಯಾರೂ ಎತ್ತಲಿಲ್ಲ. ಹೇಗೆ ಎತ್ತುತ್ತಾರೆ? ಗುಜರಾತಿಗಳಿಗೆ ದೀಪಾವಳಿ ಮರುದಿನವೇ ಹೊಸವರ್ಷ, ಅಂಗಡಿ ಕಾರ್ಖಾನೆಗಳು ಮತ್ತೆ ಶುರುವಾಗುವುದು ಲಾಭ ಪಂಚಮಿಗೆ. ಫೋನ್ ಮಾಡಿ ಖಚಿತಪಡಿಸಿಕೊಳ್ಳಿ ಎಂಬ ನನ್ನ ನಿಯಮ ಅಲ್ಲೇ ಮುರಿದುಬಿತ್ತು. ಫೋನ್ ಎತ್ತದಿದ್ದರೆ ಏನು ಅಂತ ನಾನು ಯೋಚಿಸಿಯೇ ಇರಲಿಲ್ಲ. ಕಾಪಾಡಿದ್ದು ಹತ್ತು ದಿನದ ತಡೆ. 'ಲೋಡ್ ನಿಲ್ಲಿಸಿದರೆ ನಿಲ್ಲಿಸಲಿ, ಸಾಹೇಬರ ಸಹಿ ಪರ್ಸಿನಲ್ಲಿದೆ' ಅಂತ ನನಗೊಂದು ಮೆಸೇಜ್ ಹಾಕಿ ಅವರು ಬಸ್ ಹತ್ತಿದರು.

ಪಂಚಮಿಯ ದಿನ ರಾಜ್‌ಕೋಟ್‌ನವರು ಸಿಕ್ಕರು. ಅವರ ಖಾತೆ ಬದಲಾಗಿರಲಿಲ್ಲ. ಮೇಲ್ ವಿಳಾಸ ದೊಡ್ಡದು ಮಾಡಿ ನೋಡಿದರೆ, ಇಂಗ್ಲಿಷಿನ ಎಂ ಅಕ್ಷರ ಇರಬೇಕಾದ ಕಡೆ ಆರ್ ಮತ್ತು ಎನ್ ಅಂಟಿಕೊಂಡು ಕೂತಿದ್ದವು. ಫೋನಿನ ಪುಟ್ಟ ಪರದೆಯಲ್ಲಿ ನನಗೂ ಕಾಣುತ್ತಿರಲಿಲ್ಲ.

ಎಲ್ಲವೂ ಗೆದ್ದೆವು ಅನ್ನುವ ಹಾಗಿಲ್ಲ. ರಾತ್ರಿ ಪಾಳಿಯ ಕಾವಲುಗಾರರು ಅದೇ ವಾರ ಇನ್‌ಸ್ಟಾಗ್ರಾಂನಲ್ಲಿ 'ಶಿವಕಾಶಿ ಪಟಾಕಿ, ಅರ್ಧ ಬೆಲೆ' ನೋಡಿ 6,800 ರೂಪಾಯಿ ಹಾಕಿದರು. ಆನ್‌ಲೈನ್‌ನಲ್ಲಿ ಪಟಾಕಿ ಮಾರುವುದನ್ನೇ ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ನಿಷೇಧಿಸಿದೆ. ಈ ಒಂದು ಮಾತು ನಾನು ಹೇಳಿದ್ದರೆ ಸಾಕಿತ್ತು, ಹೇಳಿರಲಿಲ್ಲ. ಆದರೆ ಅವರು ಅರ್ಧ ಗಂಟೆಯೊಳಗೆ ನನಗೆ ಫೋನ್ ಮಾಡಿದರು. ಇಬ್ಬರೂ ಸೇರಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು. ಸ್ವಲ್ಪ ದುಡ್ಡು ಮುಂದಿನ ಖಾತೆಯಲ್ಲಿ ತಡೆಹಿಡಿದಿದ್ದಾರೆ ಅಂತ ಬಂತು. ಉಳಿದದ್ದು ಹೋಯಿತು. ಅವರನ್ನು ಯಾರೂ ಬೋರ್ಡಿಗೆ ಹಾಕಲಿಲ್ಲ.

ಮೊದಲ ವರ್ಷದ ಕಲೆ ಮಾತ್ರ ಇನ್ನೂ ಹೋಗಿಲ್ಲ. ಮೊನ್ನೆ ಸ್ಟೋರ್ಸಿನವರು ಫೋನ್ ಹಿಡಿದುಕೊಂಡು ಬಂದು ಒಂದು ಕೊರಿಯರ್ ಮೆಸೇಜ್ ತೋರಿಸಿದರು. 'ಇದು ನಿಮ್ಮದಾ ಸಾರ್, ಅವರದಾ?' ನೋಡಿದರೆ ಎರಡೂ ಅಲ್ಲ, ನಿಜವಾದ ಕೊರಿಯರ್. ಮೂರು ದಿನ ಉತ್ತರ ಕೊಡದೆ ಕೂತಿದ್ದಕ್ಕೆ ರಾಜ್‌ಕೋಟ್‌ನವರು ಕಳಿಸಿದ್ದ ಸಿಹಿ ಡಬ್ಬಿ ವಾಪಸ್ ಹೋಗಿತ್ತು.