ದೊಡ್ಡ ಮಾಲೀಕರ ಸಹಿಯಿಲ್ಲದೆ ಪಿಬಿಐಡಿ: ನನ್ನ ಅನುಭವ

ಕ್ಯಾಲಿಫೋರ್ನಿಯಾದ ನಮ್ಮ ವಾಣಿಜ್ಯ ಬೀದಿಗೆ ಮಾಲೀಕರೇ ಹಣ ಹಾಕಿ ನಡೆಸುವ ಸುಧಾರಣಾ ಜಿಲ್ಲೆಯೊಂದು, ಎಂದರೆ ಪಿಬಿಐಡಿ, ಬೇಕೆಂದು ನಾನು ಪ್ರಸ್ತಾಪಿಸಿದಾಗ ತಿಳಿದವರೆಲ್ಲ ಹೇಳಿದ್ದು ಒಂದೇ ಮಾತು: ಅತಿ ದೊಡ್ಡ ಮಾಲೀಕರು ಮೊದಲು ಸಹಿ ಹಾಕಬೇಕು, ಇಲ್ಲದಿದ್ದರೆ ಪಿಟಿಷನ್, ಎಂದರೆ ಜಿಲ್ಲೆ ಬೇಕೆಂದು ಮಾಲೀಕರು ಸಹಿ ಹಾಕಿ ಕೊಡುವ ಮನವಿ, ಅರ್ಧದಲ್ಲೇ ನಿಲ್ಲುತ್ತದೆ. ಒಟ್ಟು ಅಸೆಸ್‌ಮೆಂಟಿನಲ್ಲಿ, ಎಂದರೆ ಜಿಲ್ಲೆಗಾಗಿ ಮಾಲೀಕರೆಲ್ಲ ಕಟ್ಟಬೇಕಾದ ಹಣದಲ್ಲಿ, ಸುಮಾರು ಶೇ. 13ರಷ್ಟು ಪಾಲಿದ್ದ ಆ ಕಂಪನಿ ಕೊನೆಯವರೆಗೂ ಜಗ್ಗಲಿಲ್ಲ. ಆದರೂ ನಾವು ಶೇ. 54ರ ಆಸುಪಾಸಿಗೆ ತಲುಪಿದೆವು. ಅದು ಹೇಗಾಯಿತೆಂದು ಈಗ ಪಕ್ಕದ ಬಡಾವಣೆಗಳವರು ಕೇಳುತ್ತಿರುವುದರಿಂದ ಬರೆದಿಡುತ್ತಿದ್ದೇನೆ.

ಇದಕ್ಕೂ ಮೊದಲು ಸ್ವಯಂಪ್ರೇರಿತ ವಂತಿಗೆಯ ದಾರಿಯನ್ನು ಪರೀಕ್ಷಿಸಿ ಮುಗಿಸಿದ್ದೆವು. ಮೊದಲ ವರ್ಷ ಮೂವತ್ತೆಂಟು ಸಾವಿರ ಡಾಲರಿನಷ್ಟು ಬಂದದ್ದು ಮೂರನೆಯ ವರ್ಷಕ್ಕೆ ಹನ್ನೊಂದು ಸಾವಿರಕ್ಕೆ ಇಳಿಯಿತು. ಕೊಡದವರ ಅಂಗಡಿಯ ಮುಂದೆಯೂ ಪೊರಕೆ ಆಡುತ್ತಿರುವುದನ್ನು ಕಂಡ ಮೇಲೆ ಕೊಡುವವರು ಏಕೆ ಕೊಡುತ್ತಾರೆ? ಕೊಡದವರ ಮುಂಭಾಗವನ್ನು ಬಿಟ್ಟು ಉಳಿದದ್ದನ್ನಷ್ಟೇ ಗುಡಿಸುವ ಪ್ರಯೋಗವನ್ನೂ ಒಂದು ಬೇಸಿಗೆಯಲ್ಲಿ ಮಾಡಿದೆವು. ಗಾಳಿ ಬೀಸಿದ ಸಂಜೆಗಳಲ್ಲಿ ಆ ಕಸವೆಲ್ಲ ಹಣ ಕೊಟ್ಟವರ ಬಾಗಿಲಿಗೇ ಬಂದು ಬಿದ್ದಿತು. ಆಸ್ತಿ ತೆರಿಗೆಯ ಬಿಲ್ಲಿನೊಳಗೇ ಸೇರಿ ಬರುವ ಅಸೆಸ್‌ಮೆಂಟ್ ಒಂದೇ ದಾರಿ ಎಂದು ನಾನು ಹಟ ಹಿಡಿದದ್ದು ಆ ನಂತರ.

ಪಿಬಿಐಡಿಗಳ ಕುರಿತ 1994ರ ರಾಜ್ಯ ಕಾನೂನಿನ ಪ್ರಕಾರ ಪಿಟಿಷನ್ನಿನಲ್ಲಿ ಎಣಿಕೆಗೆ ಬರುವುದು ತಲೆಗಳಲ್ಲ, ಡಾಲರುಗಳು. ಪ್ರಸ್ತಾಪಿತ ಅಸೆಸ್‌ಮೆಂಟಿನ ಶೇ. 50ಕ್ಕಿಂತ ಹೆಚ್ಚು ಕಟ್ಟಲಿರುವವರ ಸಹಿ ಬೇಕು. ಇದು ಈ ಕೆಲಸಕ್ಕೆ ಇಳಿದ ಎಲ್ಲರಿಗೂ ಗೊತ್ತು. ಆದರೂ ಬಹುತೇಕರು ಸಹಿ ಸಂಗ್ರಹವನ್ನು ಸಭೆ ಕರೆದು ಆರಂಭಿಸುತ್ತಾರೆ, ಸಭೆಗೆ ಬರುವವರು ಮಾತ್ರ ನಾಲ್ಕುನೂರು ಡಾಲರ್ ಕಟ್ಟುವ ಸಣ್ಣ ಮಾಲೀಕರು. ನಾನು ಸಭೆಯನ್ನೇ ಮುಂದೂಡಿ, ಸುಮಾರು 280 ಪಾರ್ಸೆಲ್‌ಗಳನ್ನು (ದಾಖಲೆಯಲ್ಲಿ ಪ್ರತ್ಯೇಕ ಸಂಖ್ಯೆಯಿರುವ ಆಸ್ತಿಗಳನ್ನು) 160ಕ್ಕೂ ಹೆಚ್ಚು ಮಾಲೀಕರ ಹೆಸರಿಗೆ ಒಟ್ಟುಗೂಡಿಸಿ, ಅವರನ್ನು ಕಟ್ಟಬೇಕಾದ ಮೊತ್ತದ ಇಳಿಕೆ ಕ್ರಮದಲ್ಲಿ ಜೋಡಿಸಿದೆ. ಎರಡನೆಯ ಸ್ಥಾನದಿಂದ ನಲವತ್ತರವರೆಗಿನ ಮಧ್ಯಮ ಮಾಲೀಕರ ಕೈಯಲ್ಲೇ ಅರ್ಧಕ್ಕಿಂತ ಹೆಚ್ಚು ತೂಕವಿತ್ತು. ಅವರಲ್ಲಿ ಯಾರೊಬ್ಬರೂ ಸಭೆಗೆ ಬರುವ ಜನರಲ್ಲ, ಅರ್ಧದಷ್ಟು ಮಂದಿ ಆ ಊರಿನಲ್ಲಿಯೂ ಇರಲಿಲ್ಲ.

ಅವರನ್ನು ಹುಡುಕುವುದೇ ದೊಡ್ಡ ಕೆಲಸವಾಯಿತು. ಕೌಂಟಿಯ ದಾಖಲೆಯಲ್ಲಿರುವ ವಿಳಾಸ ಬಹಳ ಸಲ ಲೆಕ್ಕಿಗರ ಕಚೇರಿಯದು, ಅಲ್ಲಿಗೆ ಹೋದ ಪತ್ರ ಫೈಲು ಸೇರುತ್ತದೆ. ಮಾಲೀಕರು ಎಲ್‌ಎಲ್‌ಸಿ, ಎಂದರೆ ಸೀಮಿತ ಹೊಣೆಯ ಕಂಪನಿಯಾದರೆ ರಾಜ್ಯಕ್ಕೆ ಸಲ್ಲಿಸಿದ ಮಾಹಿತಿ ಪತ್ರದಲ್ಲಿ ಮ್ಯಾನೇಜರರ ಹೆಸರು ಸಿಗುತ್ತದೆ. ಕುಟುಂಬದ ಟ್ರಸ್ಟ್ ಆದರೆ ಬಾಡಿಗೆದಾರರನ್ನೇ ಕೇಳಬೇಕು, ಏಕೆಂದರೆ ಪ್ರತಿ ತಿಂಗಳ ಚೆಕ್ ಎಲ್ಲಿಗೆ ಹೋಗುತ್ತದೆಂದು ಅವರಿಗೆ ಗೊತ್ತು. ಬೇರೆ ರಾಜ್ಯದಲ್ಲಿ ನೆಲೆಸಿದ್ದ ವೃದ್ಧೆಯೊಬ್ಬರು ಸಂತೋಷದಿಂದ ಸಹಿ ಹಾಕಿ ಕಳುಹಿಸಿದ ಹಾಳೆ ಪರಿಶೀಲನೆಯಲ್ಲಿ ಬಿದ್ದುಹೋಯಿತು: ಆಸ್ತಿ ಟ್ರಸ್ಟಿನ ಹೆಸರಿನಲ್ಲಿತ್ತು, ಅವರು ತಮ್ಮ ಹೆಸರನ್ನಷ್ಟೇ ಬರೆದಿದ್ದರು, ‘ಟ್ರಸ್ಟಿ’ ಎಂಬ ಒಂದು ಪದ ಸಹಿಯ ಕೆಳಗೆ ಇರಲಿಲ್ಲ. ಆ ಒಂದು ಪದಕ್ಕೆ ಶೇ. 2ರಷ್ಟು ತೂಕ ಕೈತಪ್ಪಿ, ಇನ್ನೊಮ್ಮೆ ಅಂಚೆಯಲ್ಲಿ ಕಳುಹಿಸಿ ತರಿಸಬೇಕಾಯಿತು. ಅಂದಿನಿಂದ ಪ್ರತಿ ಹಾಳೆಯ ಮೇಲೂ ಮಾಲೀಕತ್ವದ ಹೆಸರು, ಸಹಿ ಮಾಡುವವರ ಅಧಿಕಾರ, ಪಾರ್ಸೆಲ್ ಸಂಖ್ಯೆ, ಕಟ್ಟಬೇಕಾದ ಮೊತ್ತ ಎಲ್ಲವನ್ನೂ ಮೊದಲೇ ಮುದ್ರಿಸಿ ಕೊಟ್ಟೆ. ಮೊದಲ ಐದು ಮಂದಿಯನ್ನು ಯಾವ ಕ್ರಮದಲ್ಲಿ ಕಂಡೆನೆಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದು ನನ್ನ ಮುಂದಿನ ಕೆಲಸಕ್ಕೂ ಬೇಕು.

ಯಾರು ಎಷ್ಟು ಕಟ್ಟಬೇಕೆಂಬ ಸೂತ್ರದ ವಿಷಯದಲ್ಲಿ ಜಗಳವಾಗದ ಊರಿಲ್ಲ. 1978ರಲ್ಲಿ ರಾಜ್ಯದ ಮತದಾರರೇ ಮತ ಹಾಕಿ ತಂದ ಪ್ರೊಪೊಸಿಷನ್ 13 ಎಂಬ ಕಾನೂನಿನ ನಂತರ ನಮ್ಮಲ್ಲಿ ಆಸ್ತಿಯ ತೆರಿಗೆ ಮೌಲ್ಯವೆಂಬುದು ಯಾವಾಗ ಕೊಂಡಿರೆಂಬುದರ ಲೆಕ್ಕವಾಗಿಬಿಟ್ಟಿದೆ. ಅಲ್ಲದೆ 1996ರ ಪ್ರೊಪೊಸಿಷನ್ 218 ಪ್ರತಿ ಪಾರ್ಸೆಲ್ಲಿಗೆ ಸಿಗುವ ವಿಶೇಷ ಪ್ರಯೋಜನಕ್ಕೆ ತಕ್ಕಷ್ಟೇ ಹಾಕಬೇಕೆಂದು ಕಟ್ಟುಮಾಡಿದೆ. ಹಾಗಾಗಿ ನಿವೇಶನದ ವಿಸ್ತೀರ್ಣ, ಕಟ್ಟಡದ ವಿಸ್ತೀರ್ಣ, ಬೀದಿಯ ಮುಂಭಾಗದ ಉದ್ದ ಇವನ್ನೇ ಬೆರೆಸಬೇಕು. ಮೊದಲ ಕರಡಿನಲ್ಲಿ ಮುಂಭಾಗಕ್ಕೆ ಹೆಚ್ಚು ತೂಕ ಕೊಟ್ಟಾಗ ಎರಡು ಬೀದಿಗೆ ತೆರೆದ ಮೂಲೆಯ ಮಾಲೀಕರು ಒಟ್ಟಾಗಿ ತಿರುಗಿಬಿದ್ದರು. ಅಡ್ಡಬೀದಿಯ ಕಡೆ ನಿಜವಾಗಿ ಎಷ್ಟು ಕಡಿಮೆ ಸೇವೆ ಹೋಗುತ್ತದೆಂದು ತೋರಿಸಿ, ಆ ಬದಿಯ ದರವನ್ನು ಯಾವ ಪಾರ್ಸೆಲ್ಲಿಗೆ ಎಷ್ಟು ಪ್ರಯೋಜನವೆಂದು ಲೆಕ್ಕ ಹಾಕುವ ಎಂಜಿನಿಯರರ ವರದಿಯಲ್ಲೇ ಇಳಿಸಿದ ಮೇಲೆ ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಸಹಿ ಹಾಕಿದರು. ಇಳಿಸಿದ ಪ್ರಮಾಣ ನಮ್ಮ ಬೀದಿಯದು. ನಿಮ್ಮ ಬೀದಿಗೆ ನಿಮ್ಮ ಗುಡಿಸುವ ಗಂಟೆಗಳ ಲೆಕ್ಕವೇ ಆಧಾರವಾಗಬೇಕು.

ಎಂಜಿನಿಯರರ ಶುಲ್ಕದಲ್ಲಿ ಉಳಿಸಲು ಹೋಗಬೇಡಿರೆಂದು ಒತ್ತಿ ಹೇಳುತ್ತೇನೆ. 2011ರಲ್ಲಿ ಸ್ಯಾನ್ ಡಿಯಾಗೊದ ಗೋಲ್ಡನ್ ಹಿಲ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯವು ಅಲ್ಲಿನ ನಿರ್ವಹಣಾ ಜಿಲ್ಲೆಯ ಅಸೆಸ್‌ಮೆಂಟನ್ನು ಅಸಿಂಧುಗೊಳಿಸಿದ್ದಕ್ಕೆ, ಸಾರ್ವಜನಿಕರಿಗೆ ಸಿಗುವ ಸಾಮಾನ್ಯ ಪ್ರಯೋಜನವನ್ನು ಸರಿಯಾಗಿ ಬೇರ್ಪಡಿಸದಿದ್ದದ್ದೂ ಒಂದು ಕಾರಣ. ನಮ್ಮ ವರದಿ ಸಾಮಾನ್ಯ ಪ್ರಯೋಜನವನ್ನು ಸುಮಾರು ಶೇ. 3 ಎಂದು ಬೇರ್ಪಡಿಸಿತು, ಅಷ್ಟನ್ನು ಅಸೆಸ್‌ಮೆಂಟಿನ ಹೊರಗಿನಿಂದ ನಾವೇ ಹೊಂದಿಸುತ್ತೇವೆ. ಸಲಹೆಗಾರರು, ಎಂಜಿನಿಯರ್, ಮುದ್ರಣ, ಅಂಚೆ ಎಲ್ಲ ಸೇರಿ ಖರ್ಚು ಎಂಬತ್ತೈದು ಸಾವಿರ ಡಾಲರಿನ ಹತ್ತಿರ ಬಂತು. ಇಪ್ಪತ್ತರಷ್ಟು ಮಾಲೀಕರು ಮುಂಗಡ ಕೊಟ್ಟರು. ಜಿಲ್ಲೆ ಆಗದೆ ಹೋಗಿದ್ದರೆ ಆ ಹಣ ಮುಳುಗಿದಂತೆಯೇ ಎಂದು ಅವರಿಗೆ ಮೊದಲೇ ಹೇಳಿದ್ದೆ. ವಾರ್ಷಿಕ ಬಜೆಟ್ ಆರು ಲಕ್ಷ ಡಾಲರಿಗಿಂತ ಸ್ವಲ್ಪ ಮೇಲೆ.

ಒಂದು ಅಡ್ಡ ಪ್ರಯೋಗ ಅನಿರೀಕ್ಷಿತವಾಗಿ ಫಲ ಕೊಟ್ಟಿತು. ಒಂದು ಬ್ಲಾಕಿನ ಪಾದಚಾರಿ ಮಾರ್ಗದಲ್ಲಿ ಅರ್ಧ ಭಾಗವನ್ನು ಮಾತ್ರ ಬಿಸಿನೀರಿನ ಒತ್ತಡದಲ್ಲಿ ತೊಳೆಸಿ, ಕಪ್ಪಾದ ಗಮ್ ಕಲೆಗಳು ನೇರ ಗೆರೆಯಲ್ಲಿ ನಿಲ್ಲುವಂತೆ ಬಿಟ್ಟೆ. ಖರ್ಚು ಒಂಬೈನೂರು ಡಾಲರ್ ಇರಬಹುದು. ಬಣ್ಣದ ಕರಪತ್ರಕ್ಕೆ ಸುರಿದ ನಾಲ್ಕು ಸಾವಿರದಿಂದ ಒಂದು ಸಹಿಯೂ ಹೆಚ್ಚು ಬಂದಂತೆ ಕಾಣಲಿಲ್ಲ. ಆ ಗೆರೆಯ ಫೋಟೊ ನೋಡಿಯೇ ದೂರದ ಮಾಲೀಕರು ಮರುಕರೆ ಮಾಡಿದರು. ಕಸದ ಡಬ್ಬಿಗಳ ಸಂಖ್ಯೆ ಹೆಚ್ಚಿಸಿದ ಪ್ರಯೋಗವಾದರೋ ಕೈ ಕಚ್ಚಿತು: ಡಬ್ಬಿಗಳು ಹೆಚ್ಚಿದಷ್ಟೂ ಮನೆಯ ಕಸದ ಚೀಲಗಳು ಅವುಗಳ ಬುಡಕ್ಕೆ ಬಂದು ಸೇರಿದವು.

ಬಾಡಿಗೆದಾರರನ್ನು ಮರೆಯುವಂತಿಲ್ಲ. ಟ್ರಿಪಲ್ ನೆಟ್ ಲೀಸ್ (ಆಸ್ತಿಯ ತೆರಿಗೆ, ವಿಮೆ, ನಿರ್ವಹಣೆಯ ಖರ್ಚನ್ನೂ ಬಾಡಿಗೆದಾರರೇ ಹೊರುವ ಕರಾರು) ಇರುವಲ್ಲಿ ಅಸೆಸ್‌ಮೆಂಟ್ ಕೊನೆಗೆ ಬೀಳುವುದು ಅವರ ತಲೆಗೆ, ಮತ ಮಾತ್ರ ಮಾಲೀಕರದು. ಎಷ್ಟು ಬೀಳುತ್ತದೆಂದು ಅಂಗಡಿ ಅಂಗಡಿಗೆ ಹೋಗಿ ಕಾಗದದಲ್ಲಿ ಬರೆದು ಕೊಟ್ಟದ್ದರಿಂದ ಸಾರ್ವಜನಿಕ ವಿಚಾರಣೆಯ ದಿನ ಅವರು ಎದುರು ನಿಲ್ಲಲಿಲ್ಲ. ವಿಶೇಷ ಪ್ರಯೋಜನ ಸಿಗುವುದೇ ಇಲ್ಲವೆಂದು ಸ್ಪಷ್ಟ ಸಾಕ್ಷ್ಯದಿಂದ ತೋರಿಸದ ಹೊರತು ಸರ್ಕಾರಿ ಪಾರ್ಸೆಲ್‌ಗಳಿಗೂ ವಿನಾಯಿತಿಯಿಲ್ಲ. ತಮಗೆ ಅನ್ವಯಿಸದೆಂದು ಸರ್ಕಾರಿ ಸಂಸ್ಥೆಯೊಂದು ಬಹುಕಾಲ ವಾದಿಸಿತು, ಪ್ರೊಪೊಸಿಷನ್ 218ರ ಆ ಒಂದು ವಾಕ್ಯವನ್ನು ಎತ್ತಿ ತೋರಿಸಿದ ಮೇಲೆ ಸುಮ್ಮನಾಯಿತು. ನಗರದಿಂದ ಈಗ ಸಿಗುತ್ತಿರುವ ಸೇವೆ ಕಡಿಮೆಯಾಗದೆಂಬ ಒಪ್ಪಂದವನ್ನು ಪಿಟಿಷನ್ ಸಲ್ಲಿಸುವ ಮೊದಲೇ ಬರೆಸಿಕೊಂಡದ್ದು ನನ್ನ ಹೆಮ್ಮೆ.

ಪಿಟಿಷನ್ ಗೆದ್ದ ಮೇಲೆ ಬ್ಯಾಲಟ್, ಎಂದರೆ ಮಾಲೀಕರಿಗೆ ಮತಪತ್ರ ಕಳುಹಿಸಿ ಮತ ಪಡೆಯುವ ಹಂತ. ನೋಟಿಸಿಗೂ ವಿಚಾರಣೆಗೂ ನಡುವೆ ಕನಿಷ್ಠ 45 ದಿನ. ಆಗ ಲೆಕ್ಕಕ್ಕೆ ಬರುವುದು ಮರಳಿ ಬಂದ ಬ್ಯಾಲಟ್‌ಗಳ ತೂಕ ಮಾತ್ರ. ‘ನಾವು ಆಗಲೇ ಸಹಿ ಹಾಕಿದ್ದೇವಲ್ಲ’ ಎಂದು ನಮ್ಮವರೇ ಲಕೋಟೆಯನ್ನು ಒಡೆಯದೆ ಬಿಟ್ಟಿದ್ದರು. ವಿರೋಧಿಗಳು ಒಬ್ಬರೂ ಬಿಡುವುದಿಲ್ಲ. ಪಟ್ಟಿಯ ಮೇಲಿನ ನಲವತ್ತು ಮಂದಿಗೆ ನಾನೇ ಫೋನ್ ಮಾಡಿದೆ. ಬಂದ ಮತದಲ್ಲಿ ತೂಕದ ಪ್ರಕಾರ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನಮ್ಮ ಪರವಾಗಿತ್ತು.

ಆದರೆ ಹಣ ತಕ್ಷಣ ಬರುವುದಿಲ್ಲ. ಆಗಸ್ಟಿನ ಹೊತ್ತಿಗೆ ಪಟ್ಟಿ ಕೌಂಟಿಗೆ ಸೇರಬೇಕು, ಮೊದಲ ಕಂತು ಡಿಸೆಂಬರ್ 10ರ ಗಡುವಿನದು, ಅದು ನಗರದ ಮೂಲಕ ನಮ್ಮ ಖಾತೆಗೆ ಬರುವಾಗ ಹೊಸ ವರ್ಷ ಕಳೆದಿರುತ್ತದೆ. ಆ ಅವಧಿಗೆ ಎರಡು ತಿಂಗಳ ಸಂಬಳದಷ್ಟು ಸೇತು ಸಾಲವನ್ನು ಮೊದಲೇ ಗೊತ್ತುಪಡಿಸಿಕೊಳ್ಳಿ. ಮುಂಗಡ ಕೊಟ್ಟವರ ಹಣ ಮೊದಲ ವರ್ಷದ ಬಜೆಟ್ಟಿನಿಂದ ಹಿಂತಿರುಗಬೇಕೆಂಬುದನ್ನು ನಿರ್ವಹಣಾ ಯೋಜನೆಯಲ್ಲೇ ಬರೆಸಿ. ನಾವು ಬರೆಸಿದ್ದೆವು, ಎಲ್ಲರಿಗೂ ಮರಳಿ ಸಿಕ್ಕಿತು.